ಎರಡು ಕೂಸು, ಒಂದು ಗಾಡಿ, 70 ಸೆಂಟಿಮೀಟರ್ ಬಾಗಿಲು

ಕನ್ನಡದಲ್ಲಿ 'ತಳ್ಳುಗಾಡಿ' ಅಂದಕೂಡಲೇ ನಮಗೆ ನೆನಪಾಗುವುದು ಬಾಳೆಹಣ್ಣಿನವನ ಗಾಡಿ, ಇಲ್ಲವೇ ಸಂಜೆ ಹೊತ್ತು ಮಿರ್ಚಿ ಭಜಿ ಕರಿಯುವವನ ಗಾಡಿ. ಅದರೊಳಗೆ ಕೂಸು ಮಲಗಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಮುಂಬಯಿಯ ಮರಾಠಿ ಮಂದಿ ಮಾತ್ರ ಅದಕ್ಕೊಂದು ಮುದ್ದಾದ ಹೆಸರು ಕೊಟ್ಟಿದ್ದಾರೆ - 'ಬಾಬಾಗಾಡಿ'. ನಮ್ಮ ಧಾರವಾಡ ಕಡೆ ಕೂಸಿಗೆ ತೊಟ್ಟಿಲು ಇತ್ತು, ಸೀರೆಯ ಜೋಳಿಗೆ ಇತ್ತು, ನಡೆಯಲು ಕಲಿಯಲಿಕ್ಕೆ ಮೂರು ಗಾಲಿಯ ಮರದ ಗಾಡಿ ಇತ್ತು. ಆದರೆ ಕೂಸನ್ನು ಮಲಗಿಸಿ ಬೀದಿಯಲ್ಲಿ ತಳ್ಳಿಕೊಂಡು ಹೋಗುವ ಗಾಡಿ ಇರಲಿಲ್ಲ. ಯಾಕಿರಲಿಲ್ಲ? ನಾವು ಬಡವರಾಗಿದ್ದೆವು ಅನ್ನುವುದು ಸುಲಭದ ಉತ್ತರ. ಅದು ಪೂರ್ತಿ ಉತ್ತರವಲ್ಲ ಅಂತ ನನಗೆ ಈಚೆಗೆ ಅನಿಸತೊಡಗಿದೆ.

ಈ ವಿಚಾರ ಈಗೇಕೆ ಅಂದರೆ, ನನ್ನ ಮಗಳಿಗೆ ಎರಡನೆಯ ಹೆರಿಗೆಯಾಗಿದೆ. ದೊಡ್ಡದಕ್ಕೆ ಇನ್ನೂ ಎರಡು ತುಂಬಿಲ್ಲ. ಓಡುತ್ತದೆ, ಆದರೆ ಹತ್ತು ಹೆಜ್ಜೆಗೊಮ್ಮೆ "ಎತ್ತಿಕೋ" ಅನ್ನುತ್ತದೆ. ಇರುವುದು ಘಾಟ್ಕೋಪರ್ ಪೂರ್ವದಲ್ಲಿ, ನಾಲ್ಕನೇ ಮಹಡಿ. "ಅಪ್ಪಾ, ಇಬ್ಬರಿಗೂ ಸೇರಿ ಒಂದೇ ಗಾಡಿ ಬರ್ತದಂತ. ಯಾವುದು ತೊಗೋಬೇಕು ಸ್ವಲ್ಪ ನೋಡ್ರಿ" ಅಂದಳು. ನಾನು ಬ್ಯಾಂಕಿನವನು. ಸಾಲ ಕೊಡುವ ಮೊದಲು ಜಾಗ ನೋಡಿ ಬರುವುದು ನಮ್ಮ ಕಸುಬು. ಗಾಡಿ ಹುಟ್ಟಿದ್ದು ಎಲ್ಲಿ, ಬೆಳೆದದ್ದು ಎಲ್ಲಿ ಅಂತ ಮೊದಲು ಓದಿದೆ. ಆಮೇಲೆ ಟೇಪು ಹಿಡಿದುಕೊಂಡು ಹೊರಟೆ.

ಮಕ್ಕಳ ಗಾಡಿಯ ಕಥೆ ಸಾಮಾನ್ಯವಾಗಿ ಶುರುವಾಗುವುದು 1733ರಿಂದ. ಇಂಗ್ಲೆಂಡಿನ ಡೆವನ್‌ಶೈರಿನ ಮೂರನೆಯ ಡ್ಯೂಕ್ ತನ್ನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿಯಿಂದ ಒಂದು ಗಾಡಿ ಮಾಡಿಸಿದ. ಚಿಪ್ಪಿನ ಆಕಾರದ ಪುಟ್ಟ ರಥ ಅನ್ನಿ. ಅದನ್ನು ಮನುಷ್ಯರು ತಳ್ಳುತ್ತಿರಲಿಲ್ಲ. ಆಡೋ ಸಣ್ಣ ಕುದುರೆಯೋ ಎಳೆಯಬೇಕಿತ್ತು. ಓಡಾಡುವುದು ಎಲ್ಲಿ? ಡ್ಯೂಕನ ಸ್ವಂತ ತೋಟದಲ್ಲಿ! ಗಾಡಿಗಿಂತ ಮೊದಲೇ ದಾರಿ ಇತ್ತು ನೋಡಿ.

ಎಳೆಯುವ ಗಾಡಿ ತಳ್ಳುವ ಗಾಡಿ ಆಗಲು ನೂರು ವರ್ಷವೇ ಬೇಕಾಯಿತು. 1853ರಲ್ಲಿ ಚಾರ್ಲ್ಸ್ ಬರ್ಟನ್ ಎಂಬಾತ ಲಂಡನ್ನಿನಲ್ಲಿ ಹಿಂದಿನಿಂದ ತಳ್ಳುವ 'ಪೆರಾಂಬ್ಯುಲೇಟರ್'ಗೆ ಪೇಟೆಂಟ್ ಪಡೆದ. ಅದನ್ನೇ ಮುಂದೆ ಜನ ಚಿಕ್ಕದಾಗಿ 'ಪ್ರ್ಯಾಮ್' ಅಂದರು. ಅಂದ ಹಾಗೆ ಅದೇ 1853ರ ಏಪ್ರಿಲ್ 16ರಂದು ನಮ್ಮ ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರಿನ ಮೊದಲ ಪ್ಯಾಸೆಂಜರ್ ರೈಲು ಓಡಿತು. ಆ ದಾರಿಯ ಮೇಲೆಯೇ ಇದೆ ಇಂದಿನ ಘಾಟ್ಕೋಪರ್. ಅಲ್ಲಿ ಕೂಸಿನ ಗಾಡಿ ಬೀದಿಗಿಳಿದ ವರ್ಷವೇ ಇಲ್ಲಿ ಉಗಿಬಂಡಿ ಬಂತು. ನಮ್ಮ ಪಾಲಿಗೆ ಉಗಿಬಂಡಿ ಬಂತು, ಕೂಸಿನ ಗಾಡಿ ಸಾಹೇಬರ ಬಂಗಲೆಯ ಗೇಟಿನೊಳಗೇ ಉಳಿಯಿತು. ಅದನ್ನು ತಳ್ಳಿದ್ದು ನಮ್ಮವರೇ, ಆಯಾಗಳು. ಅವರ ಸ್ವಂತ ಕೂಸು ಮನೆಯಲ್ಲಿ ಯಾರ ಸೊಂಟದ ಮೇಲಿತ್ತೋ!

ಮುಂದೆ ಗಾಡಿಗೆ ಒಂದೊಂದೇ ಸುಧಾರಣೆಗಳು ಬಂದವು. 1877ರಲ್ಲಿ ವಿಲಿಯಂ ವಿಲ್ಸನ್ ಲೀಡ್ಸ್ ನಗರದಲ್ಲಿ 'ಸಿಲ್ವರ್ ಕ್ರಾಸ್' ಕಂಪನಿ ಶುರುಮಾಡಿದ. ಕುದುರೆಗಾಡಿಯ ಹಾಗೆ ಸ್ಪ್ರಿಂಗು, ದೊಡ್ಡ ಗಾಲಿ, ಹೊಳೆಯುವ ಬಣ್ಣ. ಆ ಕಾಲದ ದೊಡ್ಡ ಪ್ರ್ಯಾಮುಗಳಲ್ಲಿ ನಡುವೆ ಕಾಲಿಡಲು ಒಂದು ಗುಳಿ ಇರುತ್ತಿತ್ತು. ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಬಹುದಿತ್ತು. ಎರಡು ಮಕ್ಕಳ ಗಾಡಿ ಹೊಸ ಫ್ಯಾಷನ್ ಅಂದುಕೊಂಡವರು ಗಮನಿಸಬೇಕು. 1889ರಲ್ಲಿ ಬಾಲ್ಟಿಮೋರಿನ ಕರಿಯ ಅಮೆರಿಕನ್ ವಿಲಿಯಂ ರಿಚರ್ಡ್‌ಸನ್, ಕೂಸಿನ ಮುಖವನ್ನು ತಾಯಿಯ ಕಡೆಗೂ ದಾರಿಯ ಕಡೆಗೂ ತಿರುಗಿಸಬಹುದಾದ ಗಾಡಿಗೆ ಪೇಟೆಂಟ್ ಪಡೆದ. ಇಂದಿನ ಅಂಗಡಿಯವನು ಇದನ್ನೇ ಹೊಸ ಸೌಲಭ್ಯ ಅಂತ ನಮಗೆ ತೋರಿಸುತ್ತಾನೆ!

ಇಷ್ಟೆಲ್ಲ ಆದರೂ ಗಾಡಿಗೆ ಒಬ್ಬ ಶತ್ರು ಉಳಿದೇ ಇದ್ದ. ಮೆಟ್ಟಿಲು. ಐಸೆನ್‌ಸ್ಟೈನ್ 1925ರಲ್ಲಿ ತೆಗೆದ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಸಿನಿಮಾದಲ್ಲಿ ಒಡೆಸ್ಸಾದ ಮೆಟ್ಟಿಲುಗಳ ಮೇಲೆ ಕೂಸಿನ ಸಮೇತ ಪ್ರ್ಯಾಮ್ ಉರುಳಿಕೊಂಡು ಹೋಗುವ ದೃಶ್ಯ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೆಟ್ಟಿಲಿಗೆ ಉತ್ತರ ಕಂಡುಹಿಡಿದವನು ಒಬ್ಬ ಅಜ್ಜ. ಓವೆನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚುವ ಗಾಲಿಗಳ ಮೇಲೆ ಕೆಲಸ ಮಾಡಿದವನು. ಮಗಳು ಮೊಮ್ಮಗುವಿನ ಜೊತೆ ಪ್ರಯಾಣ ಮಾಡುವಾಗ ಭಾರದ ಗಾಡಿ ಹೊತ್ತು ಒದ್ದಾಡಿದ್ದನ್ನು ಕಂಡ. 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯ ಹಾಗೆ ಮಡಚುವ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ತೂಕ ಮೂರು ಕಿಲೋಗೂ ಕಡಿಮೆ! ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮಡಚಿದ ಗಾಡಿ. ತಾಯಿಯೊಬ್ಬಳೇ ಬಸ್ಸು ಹತ್ತಬಹುದು. ನನ್ನ ದೃಷ್ಟಿಯಲ್ಲಿ 1733ರ ನಂತರ ಆದ ದೊಡ್ಡ ಬದಲಾವಣೆ ಇದೇ. (ಮಡಚುವ ಗಾಡಿಗೂ ಅದರದೇ ಅಪಾಯ ಇದೆ. ಕೀಲುಗಳಲ್ಲಿ ಬೆರಳು ಸಿಕ್ಕಿ ಅಮೆರಿಕದಲ್ಲಿ 12 ಮಕ್ಕಳ ಬೆರಳ ತುದಿ ಕತ್ತರಿಸಿದ ವರದಿಯಾಗಿ, 2009ರಲ್ಲಿ ಅದೇ ಹೆಸರಿನ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಕೀಲಿನ ಮುಚ್ಚಳ ಕೊಡಬೇಕಾಯಿತು. ಯಾವ ಗಾಡಿಯೇ ಇರಲಿ, ಬಿಚ್ಚುವಾಗ ಮಡಚುವಾಗ ಮಗುವನ್ನು ದೂರ ನಿಲ್ಲಿಸಿ.)

ಈಗ ಎರಡು ಮಕ್ಕಳ ಗಾಡಿಗೆ ಬರೋಣ. ಮುಖ್ಯವಾಗಿ ಎರಡು ಜಾತಿ. ಒಂದು, ಅಕ್ಕಪಕ್ಕ ಕೂರುವುದು. ಇನ್ನೊಂದು, ರೈಲಿನ ಡಬ್ಬಿಯ ಹಾಗೆ ಹಿಂದೆಮುಂದೆ ಕೂರುವುದು. ಅಕ್ಕಪಕ್ಕದ್ದನ್ನು ತಳ್ಳುವುದು, ತಿರುಗಿಸುವುದು ಸುಲಭ; ಅಗಲ ಮಾತ್ರ ಬಹುಪಾಲು 75 ಸೆಂಟಿಮೀಟರಿನ ಆಸುಪಾಸು. ಇಷ್ಟೇ ಯಾಕೆ ಅಂದರೆ ಅದು ಅಲ್ಲಿಯ ಬಾಗಿಲಿನ ಲೆಕ್ಕ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯಿದೆ ಬಂತು. ಗಾಲಿಕುರ್ಚಿ ಹೋಗಬೇಕಾದ ಬಾಗಿಲಿನ ತೆರವು ಕನಿಷ್ಠ 32 ಇಂಚು, ಅಂದರೆ 81 ಸೆಂಟಿಮೀಟರ್ ಇರಬೇಕು ಅಂತ ಅದರ ನಿಯಮ. 75ರ ಗಾಡಿ ಅದರಲ್ಲಿ ಸಲೀಸಾಗಿ ನುಗ್ಗುತ್ತದೆ. ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿಸಿದ್ದೂ ಗಾಲಿಕುರ್ಚಿಯವರ ಹೋರಾಟವೇ. ಆ ಹೋರಾಟದ ಹಣ್ಣನ್ನು ಅವಳಿ ಮಕ್ಕಳ ತಾಯಂದಿರೂ ತಿಂದರು.

ಇನ್ನು ನಮ್ಮ ಲಿಫ್ಟು. ಭಾರತೀಯ ಮಾನಕದ ಪ್ರಕಾರ ಆರು ಜನರ, 408 ಕಿಲೋ ಲಿಫ್ಟಿನ ಒಳಗಿನ ಅಳತೆ 110 ಸೆಂಟಿಮೀಟರ್ ಅಗಲ, 100 ಸೆಂಟಿಮೀಟರ್ ಆಳ. ಬಾಗಿಲಿನ ತೆರವು 70. ಮಗಳ ಬಿಲ್ಡಿಂಗಿನಲ್ಲೂ ಟೇಪು ಅದನ್ನೇ ಹೇಳಿತು. ಎಂಟು ಜನರ ಲಿಫ್ಟಾದರೆ ಬಾಗಿಲು 80, ಆಳ 110.

ಲೆಕ್ಕ ಹಾಕಿ. 75ರ ಗಾಡಿ 70ರ ಬಾಗಿಲಲ್ಲಿ ಹೋಗುವುದಿಲ್ಲ. ಸರಿ, ಹಿಂದೆಮುಂದೆ ಕೂರುವ ಗಾಡಿ ತರೋಣ ಅಂದರೆ, ಅದರ ಅಗಲ 60ರ ಆಸುಪಾಸು, ಬಾಗಿಲೇನೋ ದಾಟುತ್ತದೆ. ಆದರೆ ಉದ್ದ ಸಾಮಾನ್ಯವಾಗಿ ಒಂದು ಮೀಟರಿಗಿಂತ ಜಾಸ್ತಿ. ಒಳಗೆ ಹೋದಮೇಲೆ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ! ಇದಲ್ಲದೆ ಎರಡು ಮಕ್ಕಳ ಗಾಡಿಯ ತೂಕವೇ ಹತ್ತರಿಂದ ಹದಿನೈದು ಕಿಲೋ. ದೊಡ್ಡದರದ್ದು ಹನ್ನೊಂದು, ಕೂಸಿನದ್ದು ನಾಲ್ಕು ಸೇರಿಸಿದರೆ ಮೂವತ್ತರ ಹತ್ತಿರ. ಕರೆಂಟು ಹೋದ ದಿನ ಬಾಣಂತನ ಮುಗಿಸಿದ ಹೆಣ್ಣುಮಗಳು ಇದನ್ನು ನಾಲ್ಕು ಮಹಡಿ ಹೊರಬೇಕೇ?

ಗೇಟಿನಿಂದ ಹೊರಗೆ ಬನ್ನಿ. ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಷ್ಟಿದ್ದರೆ ಎರಡು ಜೋಡಿಗಾಡಿಗಳು ಎದುರಾದರೂ ದಾಟಿ ಹೋಗಬಹುದು. ಘಾಟ್ಕೋಪರ್ ಸ್ಟೇಷನ್ ರಸ್ತೆಯಲ್ಲಿ ಸಂಜೆ ಏಳಕ್ಕೆ ನಡೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ದಾರಿ ಸಿಗುವುದು ಮೊದಲು ಹೇಳಿದ ಬಾಳೆಹಣ್ಣಿನ ತಳ್ಳುಗಾಡಿಗೆ, ಅದೂ ಜಗಳವಾಡಿ. 2014ರ ಜೂನ್ 8ರಿಂದ ವರ್ಸೋವಾ-ಅಂಧೇರಿ-ಘಾಟ್ಕೋಪರ್ ಮೆಟ್ರೊ ಓಡುತ್ತಿದೆ. ಮೆಟ್ರೊದಲ್ಲಿ ಲಿಫ್ಟಿದೆ, ಗಾಲಿಕುರ್ಚಿಗೆ ಅಗಲದ ಗೇಟಿದೆ. ಹೀಗಾಗಿ ಅಂಧೇರಿಗೆ ಹೋಗುವ ತಾಯಿಗೆ ಗಾಡಿ ಸಾಧ್ಯ. ಅಲ್ಲಿಂದಿಳಿದು ಲೋಕಲ್ ಹಿಡಿದು ದಾದರಿಗೆ ಹೋಗಬೇಕಾದವಳಿಗೆ ಮಡಚಿ ಹೆಗಲಿಗೇರಿಸದೆ ಗತಿಯಿಲ್ಲ. ಒಂದೇ ಊರು, ಎರಡು ನಿಲ್ದಾಣ, ಎರಡು ಕಾಲ!

ಗಾಡಿ ಇಲ್ಲದ ನಮ್ಮ ಊರುಗಳಲ್ಲಿ ಎರಡನೇ ಕೂಸು ಹುಟ್ಟಿದಾಗ ಏನು ಮಾಡುತ್ತಿದ್ದರು? ತೊಟ್ಟಿಲೇನೋ ಭರ್ಜರಿಯಾಗಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರು ಕೇಳದವರು ನಮ್ಮ ಕಡೆ ಇಲ್ಲ. ಆದರೆ ತೊಟ್ಟಿಲು ಮನೆಯೊಳಗಿನದು. ಹೊರಗೆ ಹೊರಟರೆ ಚಿಕ್ಕದು ಅವ್ವನ ಕಂಕುಳಲ್ಲಿ, ನಡುವಿನದು ಅಕ್ಕನ ಸೊಂಟದ ಮೇಲೆ. ಆರೇಳು ವರ್ಷದ ಆ ಅಕ್ಕನೇ ನಮ್ಮ ಎರಡನೇ ಸೀಟು! ಮುದ್ದಾದ ಚಿತ್ರ ಅನ್ನಬೇಡಿ. ತಮ್ಮನನ್ನು ಹೊತ್ತುಕೊಂಡ ಹುಡುಗಿ ಶಾಲೆಗೆ ಹೋಗುತ್ತಿರಲಿಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಮುಂಬಯಿಗೆ ದುಡಿಯಲು ಬಂದ ನಮ್ಮ ಜನ ಬಿಲ್ಡಿಂಗ್ ಕೆಲಸದ ಜಾಗದಲ್ಲಿ ಇವತ್ತಿಗೂ ಸೀರೆಯ ಜೋಳಿಗೆ ಕಟ್ಟುತ್ತಾರೆ, ತೂಗಲಿಕ್ಕೆ ಒಬ್ಬ ಅಕ್ಕ ಇರುತ್ತಾಳೆ. 1969ರಲ್ಲಿ ಮೀರಾ ಮಹಾದೇವನ್ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ 'ಮೊಬೈಲ್ ಕ್ರೆಷಸ್' ಶುರುಮಾಡಿದ್ದು ಇಂಥ ಮಕ್ಕಳಿಗಾಗಿ. ಮುಂದೆ ಅದು ಮುಂಬಯಿಗೂ ಬಂತು. ಕೂಸನ್ನು ನೋಡಿಕೊಳ್ಳುವವರು ಬಂದರೆ ತೂಗುತ್ತಿದ್ದ ಅಕ್ಕನೂ ಪಾಟಿ ಹಿಡಿಯಬಹುದು.

ಆದ್ದರಿಂದ ಮಕ್ಕಳ ಗಾಡಿಯನ್ನು ಶ್ರೀಮಂತರ ಸೋಗು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ಯಾರೋ ಒಬ್ಬರ ಸೊಂಟದ ಭಾರ ಇಳಿಸುತ್ತದೆ. ಗಾಡಿಯೂ ಇಲ್ಲ, ಅಕ್ಕನೂ ಇಲ್ಲ ಅಂದರೆ ತಾಯಿ ಮನೆಯೊಳಗೇ ಉಳಿಯುತ್ತಾಳೆ. ಮುಂಬಯಿಯ ಸಣ್ಣ ಫ್ಲ್ಯಾಟುಗಳಲ್ಲಿ ಎರಡು ಮಕ್ಕಳೊಂದಿಗೆ ತಿಂಗಳುಗಟ್ಟಲೆ ಹೊರಗೆ ಕಾಲಿಡದ ಎಷ್ಟು ಹೆಣ್ಣುಮಕ್ಕಳಿಲ್ಲ? ಊರಲ್ಲಾದರೆ ಅತ್ತೆ, ನಾದಿನಿ, ಪಕ್ಕದ ಮನೆಯ ಕಾಕೂ ಇರುತ್ತಿದ್ದರು. ವಲಸೆ ಬಂದವರಿಗೆ ಆ ಕೈಗಳಿಲ್ಲ.

ಕೊನೆಗೆ ತೀರ್ಮಾನ ಏನಾಯಿತು? ಮಗಳ ಮನೆಗೆ ಜೋಡಿಗಾಡಿ ಬೇಡ ಅಂದೆ. ಕೊಡೆಯ ಹಾಗೆ ಮಡಚುವ ಒಂದೇ ಸೀಟಿನ ಹಗುರ ಗಾಡಿ ದೊಡ್ಡದಕ್ಕೆ. ಕೂಸಿಗೆ ಇನ್ನೂ ಕುತ್ತಿಗೆ ನಿಂತಿಲ್ಲ. ಅಂಥದ್ದನ್ನು ಕೂರುವ ಸೀಟಿನಲ್ಲಿ ಹಾಕಬಾರದು, ಪೂರ್ತಿ ಮಲಗಿಸುವ ಸೀಟೇ ಬೇಕು. ಹಾಗಾಗಿ ಅದು ಸದ್ಯಕ್ಕೆ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯಲ್ಲಿ, ಮುಖ ಮೂಗು ಕಾಣುವ ಹಾಗೆ. ನಮ್ಮ ಲಂಬಾಣಿ ತಾಯಂದಿರು ಇದನ್ನು ಯಾವ ಕಂಪನಿಯಿಂದಲೂ ಕಲಿಯಬೇಕಾಗಿರಲಿಲ್ಲ. ಆರು ತಿಂಗಳಾದ ಮೇಲೆ ಚಿಕ್ಕದು ಸೀಟಿಗೆ, ದೊಡ್ಡದು ನಡಿಗೆಗೆ. ದಣಿದರೆ ನಿಲ್ಲಲಿಕ್ಕೆ ಗಾಡಿಯ ಹಿಂದೆ ಸಿಕ್ಕಿಸುವ ಗಾಲಿಯ ಹಲಗೆ ಸಿಗುತ್ತದೆ. ಕೊಳ್ಳುವ ಗಾಡಿಗೆ ಅದು ಹೊಂದುತ್ತದೋ ಅಂತ ಮೊದಲೇ ಕೇಳಿ. ಅವಳಿ ಮಕ್ಕಳಾದರೆ ಲೆಕ್ಕ ಬೇರೆ. ಹೊಸ ಟವರಿನ ದೊಡ್ಡ ಲಿಫ್ಟಿನಲ್ಲಿರುವವರು, ಅಗಲ ಫುಟ್‌ಪಾತಿನ ದೇಶದಲ್ಲಿರುವವರು ಅಕ್ಕಪಕ್ಕದ ಗಾಡಿಯನ್ನೇ ಧಾರಾಳವಾಗಿ ತೆಗೆದುಕೊಳ್ಳಲಿ.

ಇನ್ನೊಂದು ಮಾತು. ಮಗಳ ಸೊಸೈಟಿಯ ಬಾಗಿಲಲ್ಲಿ ಮೂರು ಮೆಟ್ಟಿಲಿವೆ, ರ‍್ಯಾಂಪ್ ಇಲ್ಲ. ಅಳಿಯ ಕಮಿಟಿಗೆ ಅರ್ಜಿ ಬರೆಯುತ್ತೇನೆ ಅಂದ. ಕೂಸಿನ ಗಾಡಿಗೆ ಅಂತ ಮಾತ್ರ ಬರೆಯಬೇಡ ಅಂದೆ. ಎರಡನೇ ಮಹಡಿಯಲ್ಲಿ ಮೊಣಕಾಲು ನೋವಿನ ಅಜ್ಜಿಯೊಬ್ಬರಿದ್ದಾರೆ, ಮೊದಲನೆಯದರಲ್ಲಿ ಗಾಲಿಕುರ್ಚಿಯ ಗೃಹಸ್ಥರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನೂ ಉಲ್ಲೇಖಿಸು, ಅವರಿಬ್ಬರ ಸಹಿಯನ್ನೂ ಹಾಕಿಸು ಅಂದೆ.

ನೀವೂ ಗಾಡಿ ಕೊಳ್ಳುವವರಿದ್ದರೆ ಬಣ್ಣ, ಬೆಲೆ ಆಮೇಲೆ ನೋಡಿ. ಮೊದಲು ಟೇಪು ಹಿಡಿದು ಮನೆಯ ಬಾಗಿಲಿನಿಂದ ರಸ್ತೆಯವರೆಗೆ ಒಮ್ಮೆ ನಡೆದು ಬನ್ನಿ. ಎಲ್ಲೆಲ್ಲಿ ಗಾಡಿ ನಿಲ್ಲುತ್ತದೋ ಅಲ್ಲಲ್ಲಿ ಇಷ್ಟು ವರ್ಷ ಯಾರು ಯಾರು ನಿಂತಿದ್ದರು ಅನ್ನುವುದೂ ಕಾಣುತ್ತದೆ.