ಅಮೆರಿಕದ ಬೆಳ್ಳಿಯ ಕೆನೆಗಿಂಡಿಗಳ ಕಾಲನಿರ್ಣಯ

ಇಂಗ್ಲೆಂಡಿನ ಬೆಳ್ಳಿಯ ಪಾತ್ರೆಗಳ ಮೇಲೆ ಸಾಮಾನ್ಯವಾಗಿ ವರ್ಷಸೂಚಕವಾದ ಅಕ್ಷರಮುದ್ರೆಯಿರುತ್ತದೆ. ಅಮೆರಿಕದ ವಸಾಹತುಗಳಲ್ಲಿ ಅಂತಹ ಏರ್ಪಾಡಿರಲಿಲ್ಲ. ಅಕ್ಕಸಾಲಿಗನು ತನ್ನ ಹೆಸರನ್ನೋ ಅದರ ಮೊದಲಕ್ಷರಗಳನ್ನೋ ಒತ್ತುತ್ತಿದ್ದನಷ್ಟೆ. (1814ರಿಂದ 1830ರವರೆಗೆ ಬಾಲ್ಟಿಮೋರ್ ನಗರದಲ್ಲಿ ನಡೆದ ಕಡ್ಡಾಯ ಪರೀಕ್ಷೆ ಇದಕ್ಕೆ ಅಪವಾದ.) ಆದುದರಿಂದ ಚಹದೊಡನೆ ಇಡುತ್ತಿದ್ದ ಕೆನೆಗಿಂಡಿಯ ಕಾಲವನ್ನು ಅದರ ಆಕಾರದಿಂದಲೇ ಊಹಿಸುವ ರೂಢಿ ಬೆಳೆಯಿತು.

18ನೆಯ ಶತಮಾನದ ಮಧ್ಯಭಾಗದ ಗಿಂಡಿಗೆ ಕೆಳಗೆ ಉಬ್ಬಿದ ಒಡಲು, ಮೂರು ಪುಟ್ಟ ಕಾಲುಗಳು. 1760ರ ಅನಂತರ ಉಬ್ಬು ಮೇಲಕ್ಕೇರಿತು, ಮೂರು ಕಾಲುಗಳಿಗೆ ಬದಲಾಗಿ ಒಂದೇ ಪೀಠವೂ ಕಾಣಿಸಿಕೊಂಡಿತು. ಸ್ವಾತಂತ್ರ್ಯಯುದ್ಧವು 1783ರಲ್ಲಿ ಮುಗಿದ ಮೇಲೆ, ಬೋರಲು ಹಾಕಿದ ಶಿರಸ್ತ್ರಾಣದಂತಹ ನೀಳ ರೂಪವೂ ಮಿರುಗುವ ಸೂಕ್ಷ್ಮ ಕೆತ್ತನೆಯೂ ಪ್ರಚಾರಕ್ಕೆ ಬಂದುವು. ರಾಜಕೀಯವಾಗಿ ಬ್ರಿಟನ್ನಿನಿಂದ ಬೇರ್ಪಟ್ಟವರು ಅಭಿರುಚಿಯಲ್ಲಿ ಲಂಡನ್ನನ್ನೇ ಅನುಸರಿಸಿದರೆಂಬುದು ಗಮನಾರ್ಹ. ಆದರೆ ಇದು ಬರಿಯ ಅನುಕರಣವಲ್ಲ. ಯಂತ್ರದ ಉರುಳೆಗಳಲ್ಲಿ ತೆಳುವಾಗಿಸಿದ ತಗಡು ದೊರೆತುದರಿಂದ, ಸುತ್ತಿಗೆಯಿಂದ ಬಡಿದು ಒಡಲನ್ನೆಬ್ಬಿಸುವ ಬದಲು ತಗಡನ್ನು ಬಾಗಿಸಿ ಬೆಸೆಯಬಹುದಾಯಿತು. ಬೋಸ್ಟನ್ನಿನ ಪಾಲ್ ರಿವೇರ್ ಈ ಬದಲಾವಣೆಯ ಎರಡು ಕಡೆಗಳಲ್ಲಿಯೂ ದುಡಿದವನು. 19ನೆಯ ಶತಮಾನದ ಆರಂಭದಲ್ಲಿ ಗಿಂಡಿ ಮತ್ತೆ ಕುಳ್ಳಾಗಿ ಅಗಲಿಸಿತು.

ಈ ಕ್ರಮವನ್ನು ಪಂಚಾಂಗವೆಂದು ಭಾವಿಸುವುದು ಸರಿಯಲ್ಲ. ಹೊಸ ರೂಪವು ಪಾತ್ರೆ ಯಾವ ಕಾಲಕ್ಕಿಂತ ಹಿಂದಿನದಲ್ಲವೆಂಬುದನ್ನು ಹೇಳೀತು. ಹಳೆಯ ರೂಪವು ಅದೇ ಕಾಲಕ್ಕೆ ಸೇರಿದುದೆಂದು ಸಾಧಿಸಲಾರದು. ದೂರದ ಊರಿನ ಕುಶಲಿಯಾಗಲಿ ಹಳೆಯ ಮಾದರಿಯನ್ನೇ ಬೇಡಿದ ಗಿರಾಕಿಯಾಗಲಿ ಬೋಸ್ಟನ್ನಿನ ಹೊಸ ರೀತಿಗಾಗಿ ಕಾಯಬೇಕಿರಲಿಲ್ಲ. ಕುಶಲಿಯ ವೃತ್ತಿಜೀವನದ ಅವಧಿಯೇ ಹೆಚ್ಚು ದೃಢವಾದ ಆಧಾರ. ಮೃತರ ಆಸ್ತಿಪಟ್ಟಿಗಳೂ ನೆರವಾಗುತ್ತವೆ. ಆದರೆ ಅವುಗಳಲ್ಲಿ ಬೆಳ್ಳಿಯನ್ನು ಅನೇಕ ವೇಳೆ ಔನ್ಸುಗಳ ಲೆಕ್ಕದಲ್ಲಿ ಬರೆದಿದ್ದಾರೆ, ಆಕಾರದ ಮಾತೆತ್ತಿಲ್ಲ.