ಸೇಫ್ಟಿ ರೇಜರ್

ಸೇಫ್ಟಿ ರೇಜರ್ ಗಡ್ಡ ಹೆರೆಯುವ ಕೈ ಉಪಕರಣ. ಅಲಗಿನ ಅಂಚು ಮಾತ್ರ ಚರ್ಮಕ್ಕೆ ತಾಗುವಂತೆ ಕಾಪು ಇರುವುದು ಇದರ ಲಕ್ಷಣ. ಪರಿಣತರ ಕೈಯಲ್ಲಿದ್ದ ಕ್ಷೌರವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳುವಂತೆ ಮಾಡಿದ್ದು ಇದರ ವಿನ್ಯಾಸ.

ಆರಂಭ: ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ಕತ್ತಿ ತಯಾರಕ ಝಾನ್ ಝಾಕ್ ಪೆರೆ ಕ್ಷೌರದ ಕತ್ತಿಗೆ ಮರದ ಕಾಪು ತೊಡಿಸಿದ. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ಸನ್ ಹಿಡಿಯನ್ನು ಗುದ್ದಲಿಯ ಕಾವಿನಂತೆ ಅಲಗಿಗೆ ಅಡ್ಡವಾಗಿ ಜೋಡಿಸಿದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಇಂಥದೇ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅಲಗನ್ನು ಆಗಾಗ ಮಸೆಯುವ ಕೆಲಸ ತಪ್ಪಲಿಲ್ಲ.

ಜಿಲೆಟ್: ಮಸೆಯದೆ ಎಸೆಯಬಹುದಾದ ಅಗ್ಗದ ಬ್ಲೇಡಿನ ಕಲ್ಪನೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ನದು. ತೆಳು ಉಕ್ಕಿನ ತಗಡನ್ನು ಹದಗೊಳಿಸಿ ಹರಿತ ಮಾಡುವ ಯಂತ್ರಗಳನ್ನು ರೂಪಿಸಿದವನು ಎಂಜಿನಿಯರ್ ವಿಲಿಯಂ ನಿಕರ್ಸನ್. ಬಾಸ್ಟನ್ನಿನಲ್ಲಿ 1901ರಲ್ಲಿ ಕಂಪನಿ ಹುಟ್ಟಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ರೇಜರ್ ಹಂಚಿಕೆಯಾದವು; ಊರಿಗೆ ಮರಳಿದವರು ಆ ರೂಢಿ ಬಿಡಲಿಲ್ಲ.

ರಚನೆ: ಮುಚ್ಚಳ, ತಳಫಲಕ, ಹಿಡಿ ಎಂಬ ಮೂರೇ ಭಾಗ. ಬ್ಲೇಡಿನ ದಪ್ಪ ಸುಮಾರು 0.1 ಮಿ.ಮೀ.; ಬರಿಗೈಯಲ್ಲಿ ಹಿಡಿದರೆ ಬಳುಕುತ್ತದೆ. ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದಾಗ ಕಮಾನಾದ ಮುಚ್ಚಳದ ಒತ್ತಡಕ್ಕೆ ಅದು ಬಾಗುತ್ತದೆ; ಆ ಬಾಗಿನಿಂದಲೇ ಅಂಚು ಅಲುಗಾಡದೆ ನಿಲ್ಲುತ್ತದೆ. ಅಂಚಿನ ಮುಂದಿರುವ ತಳಫಲಕದ ಹಲ್ಲು ಅಥವಾ ಪಟ್ಟಿ ಚರ್ಮವನ್ನು ಹಿಗ್ಗಿಸಿ, ಅಲಗು ಆಳಕ್ಕಿಳಿಯದಂತೆ ತಡೆಯುತ್ತದೆ. ಸೋಪಿನ ಕೈ ಜಾರದಿರಲು ಹಿಡಿಯ ಮೇಲೆ ಒತ್ತೊತ್ತಾಗಿ ಗೆರೆ ಕೊರೆದಿರುತ್ತಾರೆ. ಹಳೆಯ ರೇಜರುಗಳಲ್ಲಿ ಹೆಚ್ಚಿನವು ಹಿತ್ತಾಳೆಯವು. ಮೇಲೆ ನಿಕ್ಕಲ್, ಬೆಳ್ಳಿ ಅಥವಾ ಚಿನ್ನದ ಲೇಪ.

ಬೆಳವಣಿಗೆ: 1930ರ ದಶಕದಲ್ಲಿ ಹಿಡಿಯ ತುದಿ ತಿರುಗಿಸಿದರೆ ಮುಚ್ಚಳ ಎರಡಾಗಿ ತೆರೆಯುವ ಮಾದರಿ ಬಂತು. 1950ರ ದಶಕದ ಕೊನೆಯಲ್ಲಿ ಅಲಗಿನ ಚಾಚನ್ನು ಹೆಚ್ಚು ಕಡಿಮೆ ಮಾಡಬಲ್ಲ ಜಿಲೆಟ್ ರೇಜರ್ ಮಾರುಕಟ್ಟೆಗೆ ಬಂತು. 1960ರ ದಶಕದಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ತುಕ್ಕು ಹಿಡಿಯದ ಬ್ಲೇಡು ಜನಪ್ರಿಯವಾಯಿತು. 1971ರಲ್ಲಿ ಜಿಲೆಟ್ ಜೋಡಿ ಅಲಗಿನ ಕಾರ್ಟ್ರಿಜ್ ತಂದ ಮೇಲೆ ಹಳೆಯ ರೇಜರ್ ಹಿಂದೆ ಸರಿಯಿತು.

ಭಾರತದಲ್ಲಿ ಹಳೆಯ ರೇಜರಿನ ಎರಡಂಚಿನ ಬ್ಲೇಡು ಇಂದಿಗೂ ಬಳಕೆಯಲ್ಲಿದೆ. ಕರ್ನಾಟಕದ ಕಟಿಂಗ್ ಶಾಪುಗಳಲ್ಲಿ ಅದನ್ನು ನಡುವೆ ಮುರಿದು ಅರ್ಧವನ್ನು ಕತ್ತಿಗೆ ಸಿಕ್ಕಿಸಿ ಕ್ಷೌರ ಮಾಡುತ್ತಾರೆ. ಇಂದು ಅಂಗಡಿಯಲ್ಲಿ ಸಿಗುವ ಈ ಬ್ಲೇಡು ನೂರು ವರ್ಷ ಹಳೆಯ ಜಿಲೆಟ್ ರೇಜರಿಗೂ ಸರಿಯಾಗಿ ಕೂರುತ್ತದೆ.