ಚುಕ್ಕಿ, ಗೆರಿ, ಬಣ್ಣ: ಕಂಪ್ಯೂಟರಿಗೆ ಚಿತ್ರ ಬರಿಯೂದು ಹೇಳಿಕೊಟ್ಟ ಭಾಷಾಗಳ ಕಥಿ

ಮೊಬೈಲ್‌ನ್ಯಾಗ ಮ್ಯಾಪ್ ತಗದು ಎರಡು ಬೆರಳಲೆ ಹಿಗ್ಗಿಸಿದ್ರ ಓಣಿ ದೊಡ್ಡದಾಗಿ ಕಾಣಸ್ತದ. ಹುಡುಗೂರ ಗೇಮಿನ್ಯಾಗ ಕಾರು ಗರ್ರನೆ ತಿರುಗ್ತದ. ಸಿಟಿ ಸ್ಕ್ಯಾನ್ ಮಾಡಿದ ಎಲುಬನ್ನ ಡಾಕ್ಟರು ಪರದೆ ಮ್ಯಾಲೆ ಎಲ್ಲಾ ಕಡಿಂದ ತಿರುಗಿಸಿ ನೋಡ್ತಾರ. ಇವೇನು ಮೊದಲ ತಗದಿಟ್ಟ ಫೋಟೋ ಅಲ್ಲರಿ, ಆ ಕ್ಷಣಕ್ಕ ಅಲ್ಲೇ ಬರದದ್ದು. ಬರಿಯೂದು ಗ್ರಾಫಿಕ್ಸ್ ಚಿಪ್ಪು. ಪ್ರೋಗ್ರಾಮು ಅದಕ್ಕ "ಹಿಂಗ ಬರಿ" ಅಂತ ಹೇಳೋ ಭಾಷಾಕ್ಕ ಗ್ರಾಫಿಕ್ಸ್ ಎಪಿಐ ಅಂತಾರ. ನಾ ಪಿಯುಸಿ ಓದಿದಾಕಿ, ಪ್ರೋಗ್ರಾಮ್ ಬರಿಯಾಕಿ ಅಲ್ಲ. ಆದ್ರ ಇದರ ಚರಿತ್ರಿ ಓದ್ತಾ ಹೋದ್ರ, ಎಲ್ಲಾರೂ ನೀರು ಸೇದೋ ಬಾವಿಗೆ ಮಾಲಕರು ಯಾರು ಅನ್ನೋ ಹಳೇ ಜಗಳನ ಇಲ್ಲೂ ಕಾಣಸ್ತದ.

ಮೊದಲ ಕೆಲಸ ಹೆಂಗ ನಡೀತದ ನೋಡೋಣ. ರಂಗೋಲಿ ಹಾಕೋರಿಗೆ ಇದು ಲಗೂನ ತಿಳೀತದ. ಯಾವ ಚುಕ್ಕಿ ಎಲ್ಲಿರಬೇಕು ಅಂತ ಪ್ರೋಗ್ರಾಮು ಲೆಕ್ಕಾ ಕೊಡ್ತದ. ಮೂರು ಮೂರು ಚುಕ್ಕಿ ಕೂಡಿಸಿ ತ್ರಿಕೋನ ಆಗ್ತದ. ತ್ರಿಕೋನನ ಯಾಕ? ನಾಕು ಕಾಲಿನ ಸ್ಟೂಲು ತಗ್ಗುದಿನ್ನಿ ನೆಲದ ಮ್ಯಾಲೆ ಅಳ್ಳಾಡ್ತದ, ಮೂರು ಕಾಲಿಂದು ಅಳ್ಳಾಡಂಗಿಲ್ಲ. ಹಂಗ ಮೂರು ಚುಕ್ಕಿ ಯಾವಾಗ್ಲೂ ಒಂದ ಸಪಾಟಿನ್ಯಾಗ ಕೂಡ್ತಾವ, ಲೆಕ್ಕಾ ಸರಳ ಆಗ್ತದ. ಆಮ್ಯಾಲೆ ತ್ರಿಕೋನದೊಳಗ ಪರದೆಯ ಯಾವ ಪಿಕ್ಸೆಲ್ ಬೀಳ್ತಾವ ಅಂತ ಹುಡುಕಿ, ಬೆಳಕು ನೆರಳು ನೋಡಿ ಬಣ್ಣ ತುಂಬತದ. ಮುಂದಿಂದು ಹಿಂದಿಂದನ್ನ ಮುಚ್ಚಬೇಕಲ್ಲ, ಅದಕ್ಕ ಪ್ರತಿ ಪಿಕ್ಸೆಲ್ ಎಷ್ಟು ದೂರದ್ದು ಅಂತ ಬ್ಯಾರೆ ಲೆಕ್ಕಾನೂ ಇಟ್ಟಿರ್ತದ.

ಫುಲ್ ಎಚ್‌ಡಿ ಪರದೆಯೊಳಗ 1920 ಅಡ್ಡ, 1080 ಸಾಲು, ಅಂದ್ರ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಸೆಕೆಂಡಿಗೆ 60 ಸಲ ಹೊಸದಾಗಿ ಬರದ್ರ 12 ಕೋಟಿ ದಾಟ್ತದ. ಒಬ್ಬಾಕಿ ಕೈಲೆ ಆಗೋ ಕೆಲಸ ಅಲ್ಲ ಅದು. ಅದಕ್ಕ ಒಮ್ಮೆಲೇ ಸಾವಿರಾರು ಸಣ್ಣ ಲೆಕ್ಕಾ ಮಾಡೋ ಬ್ಯಾರೆ ಚಿಪ್ಪು ಬೇಕಾತು.

ಇನ್ನ ಚರಿತ್ರಿಗೆ ಬರೋಣ. 1980ರ ದಶಕದಾಗ ಅಮೆರಿಕಾದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಮೂರು ಆಯಾಮದ ಚಿತ್ರಕ್ಕ ಹೆಸರಾಗಿತ್ತು. ಮುಂದ 1993ರ "ಜುರಾಸಿಕ್ ಪಾರ್ಕ್" ಸಿನಿಮಾದ ಕಂಪ್ಯೂಟರ್ ಡೈನೋಸಾರ್ ಅವರ ಯಂತ್ರದ ಮ್ಯಾಲೇ ತಯಾರಾದವು. ಅವರ ಭಾಷಾ ಐರಿಸ್ ಜಿಎಲ್, ಅದು ಅವರ ಯಂತ್ರಕ್ಕಷ್ಟ ತಿಳೀತಿತ್ತು. ಇಂದು ಒಂದು ಕಂಪನಿ ಯಂತ್ರ ತಗೊಂಡು ನಾಳೆ ಬ್ಯಾರೆದು ತಗೊಂಡ್ರ ಪ್ರೋಗ್ರಾಮು ಮತ್ತ ಬರೀಬೇಕು. 1992ರಾಗ ಆ ಕಂಪನಿ ತನ್ನ ಭಾಷಾನ್ನ ತಿದ್ದಿ ತೀಡಿ, "ಓಪನ್‌ಜಿಎಲ್" ಅಂತ ಎಲ್ಲಾರಿಗೂ ಬಿಟ್ಟುಕೊಟ್ಟಿತು. ಅದರ ವಿವರಣೆ ಬರದವರು ಮಾರ್ಕ್ ಸೀಗಲ್ ಮತ್ತ ಕರ್ಟ್ ಏಕ್ಲಿ. ನೋಡ್ಕೊಳ್ಳಿಕ್ಕೆ ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್‌ನಂಥಾ ಕಂಪನಿಗಳು ಕೂಡಿದ ಮಂಡಳಿ ಆತು. ಪಂಚಾಯ್ತಿ ಇದ್ದಂಗ ಅನ್ರಿ.

ಆದ್ರ ಪಂಚಾಯ್ತಿ ಅಂದ ಮ್ಯಾಲೆ ತೀರ್ಮಾನ ತಡಾ ಆಗ್ತದ. ಮೈಕ್ರೋಸಾಫ್ಟ್ 1996ರಾಗ ಡೈರೆಕ್ಟ್‌3ಡಿ ಅನ್ನೋ ತನ್ನದ ಭಾಷಾ ತಂತು. ಅದ ವರ್ಷ 3ಡಿಎಫ್ಎಕ್ಸ್ ಅನ್ನೋ ಕಂಪನಿ ವೂಡೂ ಚಿಪ್ಪು ತಂತು, ಅದರ ಭಾಷಾ ಗ್ಲೈಡ್. "ಕ್ವೇಕ್" ಗೇಮ್ ಮಾಡಿದ ಜಾನ್ ಕಾರ್ಮ್ಯಾಕ್, ಡೈರೆಕ್ಟ್‌3ಡಿ ಭಾಳ ಗೋಜಲು ಅಂತ ಬಹಿರಂಗವಾಗಿ ಬರದು ಓಪನ್‌ಜಿಎಲ್ ಹಿಡಿದರು.

ಗ್ಲೈಡ್ ಕಥಿ ಮಾತ್ರ ನೆನಪಿಡ್ರಿ. 2000ದ ಕೊನಿಗೆ 3ಡಿಎಫ್ಎಕ್ಸ್ ಮುಳುಗಿ, ಅದರ ಆಸ್ತಿ ಎನ್ವಿಡಿಯಾ ಪಾಲಾತು. ಗ್ಲೈಡ್ ಒಂದನ್ನ ನಂಬಿದ್ದ ಗೇಮುಗಳು ಹೊಸ ಕಾರ್ಡಿನ ಮ್ಯಾಲೆ ಮೂಕ ಆದವು. ಆಮ್ಯಾಲೆ ಯಾರೋ ಆಸಕ್ತರು ಕುತು ಅನುವಾದ ಮಾಡೋ ಪ್ರೋಗ್ರಾಮ್ ಬರದ್ರು, ಅದರಿಂದ ಅವು ಇವತ್ತಿಗೂ ಜೀವ ಹಿಡಕೊಂಡಾವ.

ಆವಾಗಿನ ಚಿಪ್ಪಿಗೆ ಬಣ್ಣ ತುಂಬೋ ರೀತಿ ಮೊದಲ ಗೊತ್ತು ಮಾಡಿಟ್ಟಿದ್ದು, ಅಚ್ಚಿನ ರಂಗೋಲಿ ಹಂಗ. 2001ರಾಗ ಜೀಫೋರ್ಸ್ 3 ಬಂದ ಮ್ಯಾಲೆ, ಚಿಪ್ಪಿನೊಳಗ ಓಡೋ ಸಣ್ಣ ಪ್ರೋಗ್ರಾಮು, ಅಂದ್ರ ಶೇಡರ್, ಬರದವರ ಕೈಗೇ ಬಂತು. ನೀರಿನ ಹೊಳಪು, ಚರ್ಮದ ನುಣುಪು ಎಲ್ಲಾ ಅವರ ಇಷ್ಟ.

ಇನ್ನೊಂದು ಕಟಿಪಿಟಿ ಉಳಿದಿತ್ತು. ಪ್ರೋಗ್ರಾಮಿಗೂ ಚಿಪ್ಪಿಗೂ ನಡುವ ಡ್ರೈವರ್ ಅಂತ ಇರ್ತದ. ಹಳೇ ಅಡಗಿ ಅಕ್ಕನಂಗ: "ಹತ್ತು ಮಂದಿಗೆ ಅಡಗಿ" ಅಂದ್ರ ಸಾಮಾನು, ಪಾತ್ರಿ, ಉರಿ ಎಲ್ಲಾ ತಾನ ನೋಡ್ಕೋತಾಳ. ಅನುಕೂಲನ ಖರೆ. ಆದ್ರ ಲಗ್ನದ ಮನಿಗೆ ಸಾವಿರ ಮಂದಿ ಬಂದಾಗ ಒಬ್ಬಾಕಿನ ಕೇಳ್ಕೋತ ಎಲ್ಲಾರೂ ಸಾಲಿನ್ಯಾಗ ನಿಲ್ಲಬೇಕು. ಪ್ರೊಸೆಸರಿನ್ಯಾಗ ನಾಕೆಂಟು ಕೋರ್ ಇದ್ರೂ ಆಜ್ಞಾ ಹೋಗೋ ಬಾಗಲಾ ಒಂದ. ಅದಕ್ಕ ಎಎಂಡಿ 2013ರಾಗ ಮ್ಯಾಂಟಲ್, ಆ್ಯಪಲ್ 2014ರಾಗ ಮೆಟಲ್, ಮೈಕ್ರೋಸಾಫ್ಟ್ 2015ರಾಗ ಡೈರೆಕ್ಟ್‌ಎಕ್ಸ್ 12 ತಂದವು. ಎಎಂಡಿ ತನ್ನ ಮ್ಯಾಂಟಲನ್ನ ಕ್ರೋನೋಸ್ ಅನ್ನೋ ಕಂಪನಿಗಳ ಒಕ್ಕೂಟಕ್ಕ ಕೊಟ್ಟಿತು, ಅದರ ಬುನಾದಿ ಮ್ಯಾಲೆ 2016ರಾಗ ವಲ್ಕನ್ ಬಂತು. ಇವುಗಳೊಳಗ ಅಡಗಿಮನಿ ಕೀಲಿ ಪ್ರೋಗ್ರಾಮ್ ಬರಿಯೋರ ಕೈಯಾಗ. ಜಾಗಾ ಹಂಚೂದು, ಯಾವ ಕೆಲಸ ಮುಗಿಯೂತನಾ ಯಾವುದು ಕಾಯಬೇಕು, ಎಲ್ಲಾ ಅವರ ಹೇಳಬೇಕು. ಹಲವು ಕೈ ಒಮ್ಮೆಲೇ ಆಜ್ಞಾ ಬರದು ಕೊಡಬಹುದು. ವೇಗ ಬಂತು, ಹೊಣಿನೂ ಬಂತು. ಹಳೇ ಓಪನ್‌ಜಿಎಲ್ ಒಳಗ ಒಂದು ತ್ರಿಕೋನಕ್ಕ ಹತ್ತಿಪ್ಪತ್ತು ಸಾಲು ಸಾಕು, ವಲ್ಕನ್ನಿಗೆ ಸಾವಿರದ ಹತ್ತಿರ ಹೋಗ್ತದ.

ಮತ್ತ ಮಾಲಕರ ಪ್ರಶ್ನಾ. ಆ್ಯಪಲ್ 2018ರಾಗ, ಓಪನ್‌ಜಿಎಲ್ ಹಳೇದಾತು, ಮೆಟಲ್ ಬಳಸ್ರಿ ಅಂತ ಹೇಳಿತು. ಡೈರೆಕ್ಟ್‌ಎಕ್ಸ್ ವಿಂಡೋಸ್ ಮತ್ತ ಎಕ್ಸ್‌ಬಾಕ್ಸಿಂದು. ವಲ್ಕನ್ ಆಂಡ್ರಾಯ್ಡ್, ವಿಂಡೋಸ್, ಲಿನಕ್ಸ್ ಮೂರರ ಮ್ಯಾಲೂ ಓಡ್ತದ. ನಡುವ ಮತ್ತ ದುಭಾಷಿಗಳ ಬಂದ್ರು: ವಾಲ್ವ್ ಕಂಪನಿಯ ಪ್ರೋಟಾನ್ ವಿಂಡೋಸ್ ಗೇಮಿನ ಮಾತನ್ನ ವಲ್ಕನ್ನಿಗೆ ತಿರುಗಿಸಿ ಲಿನಕ್ಸಿನ ಮ್ಯಾಲೆ ಓಡಸ್ತದ. ಬ್ರೌಸರಿಗೆ 2011ರಾಗ ವೆಬ್‌ಜಿಎಲ್ ಬಂತು, 2023ರಾಗ ಕ್ರೋಮ್ ಒಳಗ ವೆಬ್‌ಜಿಪಿಯು.

ಮಾಲಕರಿಗೆ ಬೈಯಬೇಕು ಅಂತಲ್ಲರಿ. ಒಬ್ಬರ ಮನಿ ಕೆಲಸ ಲಗೂ ಆಗ್ತದ, ಹತ್ತು ಮಂದಿದು ಚರ್ಚಾದಾಗ ನಿಲ್ತದ. ಮ್ಯಾಂಟಲ್ ಒಬ್ಬರು ಮುಂದ ಹೋಗಿ ಮಾಡಿದ್ದಕ್ಕ ವಲ್ಕನ್ ಬಂತು. ಆದ್ರ ಗೇಮ್ ನಿಂತ್ರ ಹುಡುಗೂರು ಎರಡು ದಿನಾ ಮುಖಾ ಉಬ್ಬಿಸ್ತಾರ, ಅಷ್ಟ. ದವಾಖಾನಿ, ಸಾಲಿ, ಸೇತುವೆ ನಕ್ಷೆ ಮಾಡೋ ಆಫೀಸು ಇವುಗಳ ಚಿತ್ರದ ಪ್ರೋಗ್ರಾಮು ನಿಂತ್ರ? ಅದಕ್ಕ ದೊಡ್ಡ ರೊಕ್ಕಾ ಕೊಟ್ಟು ಅಂಥಾದ್ದು ಕೊಳ್ಳೋರು ಬಣ್ಣ ನೋಡೋದರ ಜೋಡಿ ಇನ್ನೊಂದು ಮಾತು ಕೇಳಬೇಕು: ಇದು ಯಾರ ಭಾಷಾದೊಳಗ ಬರದದ್ದು, ಅವರು ಅಂಗಡಿ ಮುಚ್ಚಿದ್ರ ನಮ್ಮ ಚಿತ್ರ ತೆರೀತದೋ ಇಲ್ಲೋ?